ತೋಟ ತುಂಡು ಮಾಡೋ ಮೊದಲು ಇದನ್ನ ಓದ್ರಿ

ಇವತ್ತು ಫ್ರಾನ್ಸಿನ ಒಂದು ತೋಟದ ಬಗ್ಗೆ ಬರೀತೀನಿ. ವೈನ್ ಕುಡಿಯೋರಿಗಲ್ಲ, ಪಾಲು ಮಾಡಿಕೊಳ್ಳಾಕ ಕುಂತೋರಿಗೆ.

ಬರ್ಗಂಡಿ ಸೀಮೆಯ ವೋನ್-ರೊಮಾನೆ ಊರಾಗಿನ ಈ ತೋಟದ ಹೆಸರು ರೊಮಾನೆ-ಕೊಂತಿ. 1.81 ಹೆಕ್ಟೇರ್, ಅಂದ್ರ ನಮ್ಮ ಲೆಕ್ಕಕ್ಕ 4 ಎಕರೆ 19 ಗುಂಟೆ. ಪಿನೋ ನ್ವಾರ್ ಅನ್ನೋ ಒಂದೇ ತಳಿ, ವರ್ಷಕ್ಕ 5-6 ಸಾವಿರ ಬಾಟಲಿ. ಮಣ್ಣು ಗಟ್ಟಿ ಆಗಬಾರದಂತ ಇವತ್ತಿಗೂ ಕುದುರೆ ಹೂಡ್ತಾರ. 1945ರ ಒಂದು ಬಾಟಲಿ 2018ರಾಗ ನ್ಯೂಯಾರ್ಕ್ ಹರಾಜಿನೊಳಗ 5,58,000 ಡಾಲರ್‌ಗೆ ಹೋತು. (ಆ ದರ ಹುಚ್ಚಾಟ ಅಂತ ನಾನೂ ಅಂತೀನಿ, ಅದು ಬ್ಯಾರೆ ಮಾತು.)

ನನಗ ಹಿಡಿಸಿದ್ದು ಅದರ ಬದು. ಮೊದಲು ಮಠದ ಸನ್ಯಾಸಿಗಳದು, 1760ರಾಗ ಕೊಂತಿಯ ರಾಜಕುಮಾರ ಕೊಂಡ, ಕ್ರಾಂತಿ ಆದಾಗ ಸರ್ಕಾರ ಕಸಗೊಂಡು ಹರಾಜು ಹಾಕಿತು. ಮಾಲಕರು ಬದಲಾದ್ರು, ಹೊಲ ತುಂಡಾಗಲಿಲ್ಲ. 1942ರಾಗ ದ ವಿಲೆನ್, ಲರ್ವಾ ಎರಡು ಮನೆತನ ಅರ್ಧರ್ಧ ಪಾಲಿನ ಕಂಪನಿ ಮಾಡಿಕೊಂಡ್ರು. ಪಾಲು ಕಾಗದದ ಮ್ಯಾಲ ಅಷ್ಟೇ, ಹೊಲದ ನಡುವ ಕಲ್ಲು ನೆಡಲಿಲ್ಲ.

ಹತ್ತಿರದಾಗೇ ಕ್ಲೋ ದ ವೂಜೋ ಐತಿ. ಗೋಡೆ ಕಟ್ಟಿದ 50 ಹೆಕ್ಟೇರ್ ತೋಟ, ಒಂದು ಕಾಲಕ್ಕ ಮಠ ಒಂದರದೇ. ಈಗ ಸುಮಾರು 80 ಮಾಲಕರು. ಗೋಡೆ ಒಂದೇ, ಹೆಸರು ಒಂದೇ, ವೈನಿನ ಗುಣ ಮಾತ್ರ ಒಬ್ಬೊಬ್ಬರದು ಒಂದೊಂದು. ಕೊಳ್ಳೋರು ಮೊದಲು 'ಯಾರದು?' ಅಂತ ಕೇಳ್ತಾರ.

ಬೇರು ತಿನ್ನೋ ಫಿಲೊಕ್ಸೆರಾ ಹುಳ ಬಂದಾಗ ಫ್ರಾನ್ಸಿನ ರೈತರು ಅಮೆರಿಕದ ಬೇರಿಗೆ ಕಸಿ ಕಟ್ಟಿದ್ರು (ನಮ್ಮ ಡಾಗ್ರಿಜ್ ಕೂಡ ಅಮೆರಿಕದ್ದೇ). ರೊಮಾನೆ-ಕೊಂತಿಯವರು ಮಣ್ಣಿಗೆ ಔಷಧ ಚುಚ್ಚಿ ಹಳೇ ಬೇರನ್ನ 1945ರ ತನಕ ಎಳೆದ್ರು. ಆ ಸುಗ್ಗಿ ಆದ ಮ್ಯಾಲ ಬುಡಸಮೇತ ಕಿತ್ತು ಹೊಸದು ನೆಟ್ರು. 1952ರ ಸುಗ್ಗಿ ತನಕ ಆ ಹೆಸರಿನ ಒಂದು ಬಾಟಲಿನೂ ಇಲ್ಲ. ಎರಡು ತುಂಡಾಗಿದ್ರ ಒಬ್ಬ ಕೀಳತಿದ್ದ, ಇನ್ನೊಬ್ಬ 'ಇನ್ನೊಂದು ವರ್ಷ ನೋಡೋಣ' ಅಂತಿದ್ದ. ಅವರಿಗೆ ಬ್ಯಾರೆ ತೋಟಗಳ ಆದಾಯ ಇತ್ತು, ನಮಗ ಇಲ್ಲ ಅನ್ನೋದೂ ಖರೆ.

ಆದ್ರ ನಮ್ಮಲ್ಲಿ 4 ಎಕರೆಗೆ ಮೂವರು ಅಣ್ಣತಮ್ಮಂದಿರಾದ್ರ ಮೂರು ಪಟ್ಟಿ, ಮೂರು ಬೋರು, ಮೂರು ಸ್ಪ್ರೇ ಮಷೀನು, ಮ್ಯಾಲ ಬದುವಿನ ಜಗಳ. ಉತಾರ ಬ್ಯಾರೆ ಮಾಡಿಕೊಳ್ರಿ, ಬ್ಯಾಡ ಅನ್ನಂಗಿಲ್ಲ. ತೋಟ ಒಂದೇ ಇಟ್ಟು ಬಂದದ್ದು ಹಂಚಿಕೊಳ್ರಿ. ನಮ್ಮ ಸುತ್ತ ಹಿಂಗ ನಡೆಸೋರು ಇದ್ರ, ಕೂಲಿ-ಔಷಧದ ಲೆಕ್ಕ ಹೆಂಗ ಇಡ್ತೀರಿ ಅಂತ ಬರೀರಿ.