ಎಂಜಿನ್ನಿನ ಚಿಂವ್‌ಚಿಂವ್: ಕಿವಿಗೂ ಕೂಲಿ ಕೊಡಿ

ಹಲಸಿನಕಾಯಿಯನ್ನು ಬೆರಳಿನಿಂದ ಬಡಿದು, ಶಬ್ದ ಕೇಳಿ, "ಇದು ನಾಡಿದ್ದಿಗೆ ಹಣ್ಣಾಗ್ತು" ಎಂದು ಹೇಳುವ ಜನ ಶಿರಸಿ ಸೀಮೆಯವರು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಇಲ್ಲಿ ಯಾರೂ ಅಂಗಡಿಯವನಿಗೆ ದುಡ್ಡು ಕೊಡುವುದಿಲ್ಲ. ಆದರೆ ಅದೇ ಜನ ಲಕ್ಷಗಟ್ಟಲೆ ಕೊಟ್ಟು ತಂದ ಗಾಡಿಯ ಎಂಜಿನ್ನು ಗುಬ್ಬಿಮರಿಯಂತೆ ಚಿಂವ್‌ಚಿಂವ್ ಎನ್ನತೊಡಗಿದರೆ ಏನು ಮಾಡುತ್ತಾರೆ? ಟೇಪಿನ ಹಾಡು ಸ್ವಲ್ಪ ಜೋರು ಮಾಡಿ ಹೊರಟುಬಿಡುತ್ತಾರೆ!

ಮಳೆಗಾಲ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಪೇಟೆಗಳಲ್ಲಿ ಈ ಹಕ್ಕಿಯ ಕೂಗು ಜಾಸ್ತಿ. ಬೆಳಗಿನ ತಂಪಿನಲ್ಲಿ ಗಾಡಿ ಸ್ಟಾರ್ಟ್ ಮಾಡಿದಾಗ ಬಾನೆಟ್ಟಿನೊಳಗಿಂದ ಶುರುವಾಗುತ್ತದೆ. ಒಮ್ಮೊಮ್ಮೆ ಎರಡು ನಿಮಿಷದಲ್ಲಿ ನಿಲ್ಲುತ್ತದೆ, ಒಮ್ಮೊಮ್ಮೆ ಊರು ಮುಟ್ಟುವ ತನಕ ಬಿಡುವುದಿಲ್ಲ. "ತಂಡಿಗೆ ಹಂಗೆ ಆಗ್ತದೆ ಬಿಡಿ" ಎಂಬುದು ಮಾಲೀಕರ ಸಮಾಧಾನ. "ಬೆಲ್ಟ್ ಹೋಗಿದೆ, ಬದ್ಲಿ ಮಾಡ್ಬೇಕು" ಎಂಬುದು ಗ್ಯಾರೇಜಿನ ತೀರ್ಪು. ಇಬ್ಬರೂ ಕಿವಿಗೊಟ್ಟು ಕೇಳಿದ್ದು ಮಾತ್ರ ಇಲ್ಲ.

ಒಬ್ಬ ತರಕಾರಿ ವ್ಯಾಪಾರಿಯ ಕತೆ ಕೇಳಿ. ಶಿರಸಿಯಿಂದ ಕುಮಟಾಕ್ಕೆ ವಾರಕ್ಕೆ ಮೂರು ದಿನ ಮಾಲು ಇಳಿಸುವವರು. ಹಳೆಯ ಓಮ್ನಿ ಗಾಡಿ. ಅದರ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರುವುದರಿಂದ ಶಬ್ದ ನೇರ ಕಿವಿಗೆ. ಮೊದಲ ಸಲ ಗ್ಯಾರೇಜಿಗೆ ಹೋದಾಗ ಫ್ಯಾನ್ ಬೆಲ್ಟ್ ಹೊಸದಾಯಿತು. ನಾಲ್ಕು ದಿನ ಸುಮ್ಮನಿತ್ತು, ಐದನೆಯ ದಿನ ಮತ್ತೆ ಚಿಂವ್‌ಚಿಂವ್. ಎರಡನೆಯ ಸಲ ಡೈನಮೋದ ಬೇರಿಂಗ್ ಬದಲಾಯಿತು. ಶಬ್ದ ಹಾಗೇ ಇತ್ತು. ಮೂರನೆಯ ಸಲ ವಾಟರ್ ಪಂಪೇ ಹೊಸದು ಬಂತು. ಹಕ್ಕಿ ಹಾರಲಿಲ್ಲ.

ಕೊನೆಗೆ ಒಬ್ಬ ಹಳೆಯ ಮೇಸ್ತ್ರಿ ಸಿಕ್ಕಿದರು. ಅವರು ಪಾನಾ ಮುಟ್ಟಲಿಲ್ಲ. ಮೊದಲು ಕೇಳಿದ್ದು ಪ್ರಶ್ನೆ. "ಯಾವಾಗ ಕೂಗ್ತದೆ? ಬೆಳಿಗ್ಗೆ ಮಾತ್ರವೋ, ಯಾವಾಗ್ಲೂನೋ? ಎಕ್ಸಲೇಟರ್ ಕೊಟ್ರೆ ಜೋರಾಗ್ತದೋ, ಬರೀ ಬೇಗ ಬೇಗ ಆಗ್ತದೋ?" ಆಮೇಲೆ ಎಂಜಿನ್ ಬಂದ್ ಮಾಡಿಸಿ, ಒಂದು ನೆಟ್ಟನೆಯ ಕಬ್ಬಿಣದ ಪಟ್ಟಿಯನ್ನು ಪುಲ್ಲಿಗಳ ಮುಖಕ್ಕೆ ಹಿಡಿದರು. ಡೈನಮೋದ ಪುಲ್ಲಿ ಒಂದು ಎಳೆಯಷ್ಟು ಒಳಗೆ ಕೂತಿತ್ತು. ಹಿಂದೆ ಯಾರೋ ಬಿಚ್ಚಿದವರು ಒಂದು ವಾಷರ್ ಹಾಕುವುದನ್ನೇ ಮರೆತಿದ್ದರು. ವಾಷರ್ ಬಿತ್ತು, ಹಕ್ಕಿ ಹಾರಿತು. ಮೇಸ್ತ್ರಿ "ಎಂತಾ ಕೊಡೂದು ಬ್ಯಾಡ ಮಾರಾಯ್ರೆ, ಚಾ ಕುಡ್ಸಿ" ಎಂದರು. ವ್ಯಾಪಾರಿ ಚಹಾ ಕುಡಿಸಿ, ಖುಷಿಯಾಗಿ ಮನೆಗೆ ಹೋದರು.

ಇಡೀ ರೋಗದ ಮೂಲ ಈ ಒಂದು ಲೋಟ ಚಹಾದಲ್ಲೇ ಇದೆ. ಅದನ್ನು ಆಮೇಲೆ ನೋಡೋಣ. ಮೊದಲು ಹಕ್ಕಿಯ ಜಾತಿ ಯಾವುದೆಂದು ತಿಳಿಯಬೇಕು.

ಚಿಂವ್‌ಚಿಂವ್ ಬೇರೆ, ಕೀಂಯ್ ಬೇರೆ

ಎಂಜಿನ್ನಿನ ಮುಂಭಾಗದಲ್ಲಿ ರಬ್ಬರ್ ಬೆಲ್ಟೊಂದು ಸುತ್ತುತ್ತಿರುತ್ತದೆ. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರನ್ನು (ಗ್ಯಾರೇಜಿನವರ ಬಾಯಲ್ಲಿ ಈಗಲೂ ಡೈನಮೋ) ತಿರುಗಿಸುವುದು ಅದೇ. ಅನೇಕ ಗಾಡಿಗಳಲ್ಲಿ ಎಂಜಿನ್ ತಂಪಿಡುವ ವಾಟರ್ ಪಂಪನ್ನೂ, ಏಸಿಯನ್ನೂ, ಸ್ಟಿಯರಿಂಗ್ ಪಂಪನ್ನೂ ಅದೇ ತಿರುಗಿಸುತ್ತದೆ. ಹಿಂದೆ ಒಂದೊಂದಕ್ಕೆ ಒಂದೊಂದು ಬೆಲ್ಟ್ ಇರುತ್ತಿತ್ತು. 1970ರ ದಶಕದ ಕೊನೆಯಿಂದ ಅಮೆರಿಕದ ಕಾರುಗಳಲ್ಲಿ ಎಲ್ಲಕ್ಕೂ ಸೇರಿ ಒಂದೇ ಉದ್ದದ ಗೀರುಬೆಲ್ಟ್ ಬಂತು. ಈಗ ಇಲ್ಲಿಯ ಗಾಡಿಗಳಲ್ಲೂ ಅದೇ ಸಾಮಾನ್ಯ. ಒಂದು ಬೆಲ್ಟ್ ಹೋದರೆ ಎಲ್ಲವೂ ಒಟ್ಟಿಗೇ ಹೋಯಿತು.

ಉದ್ದಕ್ಕೆ ಎಳೆದಂತೆ "ಕೀಂಯ್..." ಎಂದು ಕಿರುಚಿದರೆ, ಅದರಲ್ಲೂ ಸ್ಟಾರ್ಟ್ ಮಾಡಿದ ಕೂಡಲೆ, ಏಸಿ ಹಾಕಿದಾಗ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಿರುಚಿದರೆ, ಬೆಲ್ಟ್ ಸಡಿಲಾಗಿ ಜಾರುತ್ತಿದೆ ಎಂದು ಅರ್ಥ. ತುಂಡು ತುಂಡಾಗಿ "ಚಿಂವ್, ಚಿಂವ್, ಚಿಂವ್" ಎಂದು ತಾಳ ಹಾಕಿದಂತೆ ಕೂಗಿ, ಎಕ್ಸಲೇಟರ್ ಒತ್ತಿದಂತೆ ತಾಳ ಚುರುಕಾದರೆ, ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ, ಬೆಲ್ಟ್ ಓರೆಯಾಗಿ ಓಡುತ್ತಿದೆ ಎಂಬ ಸಂಶಯ ಮೊದಲು ಬರಬೇಕು.

ಸಂಶಯ ತೀರಿಸಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎಂಜಿನ್ ಚಾಲೂ ಇದ್ದಾಗ, ದೂರದಿಂದ, ಗೀರುಬೆಲ್ಟಿನ ಗೀರಿರುವ ಬದಿಗೆ ಒಂದಿಷ್ಟು ನೀರು ಚಿಮುಕಿಸುವುದು. ಕ್ಷೌರದಂಗಡಿಯಲ್ಲಿ ತಲೆಗೆ ನೀರು ಹೊಡೆಯುವ ಬಾಟ್ಲಿ ಸಾಕು. ಶಬ್ದ ಕೂಡಲೆ ನಿಂತು, ಕೆಲವು ಕ್ಷಣದ ನಂತರ ಮತ್ತೆ ಬಂದರೆ ಪುಲ್ಲಿಯ ಸಾಲು ತಪ್ಪಿದೆ. ನೀರು ಬಿದ್ದ ಕೂಡಲೆ ಶಬ್ದ ಹೆಚ್ಚಾದರೆ ಬೆಲ್ಟಿನ ಬಿಗಿ ಸಾಲದು, ಇಲ್ಲವೆ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿದೆ. ನೀರಿಗೆ ಜಗ್ಗದೆ ಒಂದೇ ಸಮನೆ ಕೂಗಿದರೆ ಯಾವುದಾದರೂ ಪುಲ್ಲಿಯ ಬೇರಿಂಗ್ ಒಣಗಿರಬಹುದು.

ಬೇರಿಂಗ್ ಯಾವುದೆಂದು ಹುಡುಕುವುದು ಮೇಸ್ತ್ರಿಯ ಕೆಲಸ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡೈನಮೋದ ಮೈಗೆ, ವಾಟರ್ ಪಂಪಿನ ಮೈಗೆ ಒಂದೊಂದಾಗಿ ತಾಗಿಸಿ, ಹಿಡಿಯನ್ನು ಕಿವಿಯ ಹತ್ತಿರ ಇಟ್ಟರೆ ಕಳ್ಳ ಎಲ್ಲಿದ್ದಾನೆಂದು ಗೊತ್ತಾಗುತ್ತದೆ. ಡಾಕ್ಟರ ಕೊಳವೆಯ ಉಪಾಯವೇ ಇದು. ಹೆಗಲ ಮೇಲೆ ಟವೆಲು, ಜೋತಾಡುವ ಪಂಚೆ, ಸಡಿಲ ತೋಳು ಇಟ್ಟುಕೊಂಡು ಬೆಲ್ಟಿನ ಹತ್ತಿರ ಬಗ್ಗುವವರು ಮಾತ್ರ ಎರಡು ಸಲ ಯೋಚಿಸಲಿ. ಇನ್ನೂ ಖಾತ್ರಿಯಾಗಬೇಕೆಂದರೆ ಬೆಲ್ಟನ್ನೇ ತೆಗೆದು ಅರ್ಧ ನಿಮಿಷ ಎಂಜಿನ್ ಓಡಿಸಿ ನೋಡುವುದು. ಅದಕ್ಕಿಂತ ಹೆಚ್ಚು ಬೇಡ, ತಂಪಿಡುವ ಪಂಪು ನಿಂತಿರಬಹುದು. ಶಬ್ದ ನಿಂತರೆ ದೋಷ ಬೆಲ್ಟಿನ ಸಂಸಾರದಲ್ಲಿದೆ. ಆಗ ಎಂಜಿನ್ ಬಂದ್ ಮಾಡಿ ಒಂದೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿದರೆ, ಗರಗರ ಎನ್ನುವುದು ಯಾವುದು, ಅಲುಗಾಡುವುದು ಯಾವುದು ಎಂದು ತಾನೇ ತಿಳಿಯುತ್ತದೆ. ಬೆಲ್ಟ್ ತೆಗೆದರೂ ಕೂಗು ನಿಲ್ಲದಿದ್ದರೆ? ಸೈಲೆನ್ಸರ್ ಕೊಳವೆ ಎಂಜಿನ್ನಿಗೆ ಸೇರುವ ಜಾಗದ ಗ್ಯಾಸ್ಕೆಟ್ ಸೀಳಿ ಹೊಗೆ ಸೋರಿದರೂ ಇಂಥದೇ ಶಬ್ದ ಬರುವುದುಂಟು. ಆಗ ಹೊಸ ಬೆಲ್ಟ್ ನೂರು ಹಾಕಿದರೂ ವ್ಯರ್ಥ.

ಬೆಳಗಿನ ತೇವಕ್ಕೆ ಒಂದೆರಡು ನಿಮಿಷ ಕೂಗಿ ಒಣಗಿದ ಮೇಲೆ ಸುಮ್ಮನಾಗುವ ಹಕ್ಕಿ ಅಷ್ಟು ಕೆಟ್ಟದ್ದಲ್ಲ. ಆದರೆ ದಿನಾ ಅದೇ ಕತೆಯಾದರೆ, ಅಥವಾ ಬಿಸಿಲಿನಲ್ಲೂ ಕೂಗಿದರೆ, ತಂಡಿಯ ಮೇಲೆ ತಪ್ಪು ಹೊರಿಸುವಂತಿಲ್ಲ. ರಸ್ತೆ ಅಗಲ ಮಾಡುವ ಕೆಲಸ ನಡೆದಲ್ಲೆಲ್ಲ ಏಳುವ ಕೆಂಪು ಧೂಳು ಬೆಲ್ಟಿನ ಗೀರಿನೊಳಗೆ ಕೂರುತ್ತದೆ, ಅದೂ ಒಂದು ಕಾರಣ.

ಸಾಬೂನು, ಮೇಣ, ಕೊಬ್ಬರಿ ಎಣ್ಣೆ

ಇನ್ನು ಮನೆಮದ್ದಿನವರು. ಒಬ್ಬರು ಬೆಲ್ಟಿಗೆ ಬಟ್ಟೆಸಾಬೂನು ತಿಕ್ಕುತ್ತಾರೆ. ಇನ್ನೊಬ್ಬರು ಮೇಣದಬತ್ತಿ. ಮತ್ತೊಬ್ಬರು ಕೊಬ್ಬರಿ ಎಣ್ಣೆಯನ್ನೇ ಬಿಟ್ಟು "ಹೆಂಗೆ, ನಿಂತ್ಹೋತಲ್ಲ!" ಎನ್ನುತ್ತಾರೆ. ಹೌದು, ಆ ದಿನಕ್ಕೆ ನಿಂತಿತು. ಆದರೆ ಎಣ್ಣೆ ಬಿದ್ದ ರಬ್ಬರು ಮೆತ್ತಗಾಗುತ್ತದೆ, ಇನ್ನಷ್ಟು ಜಾರುತ್ತದೆ. ಇದು ಜ್ವರಕ್ಕೆ ಔಷಧಿ ಕೊಡದೆ ಥರ್ಮಾಮೀಟರ್ ಒಡೆದು ಹಾಕಿದಂತೆ.

ಬಲವಾಗಿ ಬಿಗಿ ಮಾಡಿಸುವವರು ಇನ್ನೊಂದು ಪಂಗಡ. ಶಬ್ದ ನಿಲ್ಲುತ್ತದೆ, ನಿಜ. ಆದರೆ ಅತಿ ಬಿಗಿಯಾದ ಬೆಲ್ಟ್ ಡೈನಮೋದ ಬೇರಿಂಗನ್ನೂ ವಾಟರ್ ಪಂಪಿನ ಬೇರಿಂಗನ್ನೂ ದಿನವಿಡೀ ಒಂದೇ ಕಡೆಗೆ ಜಗ್ಗುತ್ತದೆ. ಅಗ್ಗದ ಬೆಲ್ಟ್ ಉಳಿಸಲು ಹೋಗಿ ದುಬಾರಿ ಪಂಪು ಕಳೆದುಕೊಂಡ ಹಾಗೆ.

"ಬಿರುಕೇ ಇಲ್ಲ, ಬೆಲ್ಟ್ ಗಟ್ಟಿ ಇದೆ" ಎಂಬ ಮಾತನ್ನೂ ಈಗ ನಂಬುವಂತಿಲ್ಲ. ಹಳೆಯ ಕಾಲದ ರಬ್ಬರು ಹಳತಾದರೆ ಬಿರುಕು ಬಿಡುತ್ತಿತ್ತು. ಈಗಿನ ಇಪಿಡಿಎಂ ಎಂಬ ರಬ್ಬರಿನ ಬೆಲ್ಟ್ ಬಿರುಕು ತೋರಿಸದೆಯೇ ಟೈರಿನಂತೆ ಗೀರು ಗೀರಾಗಿ ಸವೆಯುತ್ತದೆ. ಮೇಲಿಂದ ಮೇಲೆ ನೋಡಿದರೆ ಹೊಸದರಂತೆಯೇ ಕಾಣುತ್ತದೆ. ಗೀರಿನ ಆಳ ಅಳೆದು ನೋಡಿದರೆ ಮಾತ್ರ ಸತ್ಯ ಗೊತ್ತು.

ಘಟ್ಟದಲ್ಲಿ ಕತೆಯೇ ಬೇರೆ

"ಒಂದು ಬೆಲ್ಟಿನ ಶಬ್ದಕ್ಕೆ ಇಷ್ಟೆಲ್ಲ ರಾಮಾಯಣವೇ?" ಎಂದು ಬಯಲುಸೀಮೆಯವರು ಕೇಳಬಹುದು. ಹುಬ್ಬಳ್ಳಿಯ ರಸ್ತೆಯಲ್ಲಿ ಬೆಲ್ಟ್ ತುಂಡಾದರೆ ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, ಗಾಡಿ ಬದಿಗೆ ನಿಲ್ಲಿಸಿ ಫೋನು ಮಾಡಿದರಾಯಿತು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಸಮುದ್ರಮಟ್ಟದಿಂದ 500 ಮೀಟರಿಗಿಂತ ಮೇಲೆ ಕೂತ ಊರುಗಳು. ಕರಾವಳಿಗೆ ಹೋಗಬೇಕೆಂದರೆ ಶಿರಸಿಯವರು ದೇವಿಮನೆ ಘಟ್ಟ, ಸಿದ್ದಾಪುರದವರು ದೊಡ್ಮನೆ ಘಟ್ಟ, ಯಲ್ಲಾಪುರದವರು ಅರಬೈಲ್ ಘಟ್ಟ ಇಳಿಯುವುದು ರೂಢಿ.

ಹತ್ತುವಾಗ ವಾಟರ್ ಪಂಪಿನ ಬೆಲ್ಟ್ ತುಂಡಾದರೆ ಎಂಜಿನ್ ಕೆಲವೇ ನಿಮಿಷದಲ್ಲಿ ಕುದಿಯುತ್ತದೆ. ಅಲ್ಲೇ ನಿಲ್ಲಿಸದಿದ್ದರೆ ಹೆಡ್ ಗ್ಯಾಸ್ಕೆಟ್‌ಗೆ ಕುತ್ತು. ಇಳಿಯುವಾಗಿನ ಅಪಾಯ ಅದಕ್ಕಿಂತ ದೊಡ್ಡದು. ಅನೇಕ ಡೀಸೆಲ್ ಜೀಪು, ಟ್ಯಾಕ್ಸಿಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಇರುವುದು ಡೈನಮೋದ ಬೆನ್ನಿಗೆ. ಬೆಲ್ಟ್ ಹೋದರೆ ಡೈನಮೋ ನಿಂತಿತು, ಡೈನಮೋ ನಿಂತರೆ ಆ ಪಂಪೂ ನಿಂತಿತು. ಬೂಸ್ಟರಿನಲ್ಲಿ ಉಳಿದ ಬಲ ಒಂದೆರಡು ಸಲ ಒತ್ತುವುದರೊಳಗೆ ಮುಗಿಯುತ್ತದೆ. ಆಮೇಲೆ ಪೆಡಲ್ ಕಲ್ಲಿನ ಹಾಗೆ. ಬ್ರೇಕ್ ಇಲ್ಲವೇ ಇಲ್ಲ ಎಂದಲ್ಲ. ಆದರೆ ಬೆರಳಲ್ಲಿ ಎತ್ತುತ್ತಿದ್ದ ಕೊಡವನ್ನು ಇದ್ದಕ್ಕಿದ್ದಂತೆ ಎರಡು ಕೈಯಿಂದ ಎತ್ತಬೇಕಾಗುತ್ತದೆ, ಅದೂ ತಿರುವಿನಲ್ಲಿ, ಮಳೆಯಲ್ಲಿ, ಹಿಂದೆ ಹತ್ತು ಜನ ಕೂತಿರುವಾಗ.

ಅದರ ಮೇಲೆ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಘಟ್ಟ ಇಳಿಸುವ ಪಂಡಿತರೂ ಇದ್ದಾರೆ. ಬೆಲ್ಟ್ ಹೋದ ಗಾಡಿಗೆ ಗೇರಿನ ಹಿಡಿತವೇ ಉಳಿದ ಆಧಾರ. ಅದನ್ನೂ ಬಿಟ್ಟವನನ್ನು ಕಾಯುವವರು ಯಾರು? ಇಳಿತದಲ್ಲಿ ಕೆಂಪು ದೀಪ ಹತ್ತಿದರೆ ಮಾಡಬೇಕಾದ್ದು ಇಷ್ಟೇ: ಎಂಜಿನ್ ಬಂದ್ ಮಾಡದೆ ಕೆಳಗಿನ ಗೇರಿಗೆ ಬರುವುದು, ಬ್ರೇಕನ್ನು ಪದೇ ಪದೇ ಒತ್ತಿ ಬಿಡದೆ ಒಂದೇ ಸಮ ಗಟ್ಟಿಯಾಗಿ ಒತ್ತುವುದು, ಗುಡ್ಡದ ಬದಿಗೆ ನಿಲ್ಲಿಸುವುದು, ಚಕ್ರಕ್ಕೆ ಕಲ್ಲು ಕೊಡುವುದು.

ಒಂದು ಲೋಟ ಚಹಾದ ಲೆಕ್ಕ

ತಪ್ಪು ಯಾರದು? ಎಲ್ಲರೂ ಗ್ಯಾರೇಜಿನವರ ಕಡೆ ಬೆರಳು ತೋರಿಸುತ್ತಾರೆ. ಊಹೆಯ ಮೇಲೆ ಸಾಮಾನು ಬದಲಿಸುವುದು ತಪ್ಪೇ, ಸಂಶಯವಿಲ್ಲ. ಆದರೆ ಆ ತರಕಾರಿ ವ್ಯಾಪಾರಿಯ ಲೆಕ್ಕವನ್ನೇ ನೋಡಿ. ಬೇಡದ ಬೆಲ್ಟ್, ಬೇಡದ ಬೇರಿಂಗ್, ಬೇಡದ ಪಂಪು ಹಾಕಿದವರೆಲ್ಲರಿಗೂ ಸಾಮಾನಿನ ಹಣ, ಮೇಲೆ ಕೂಲಿ ಸಿಕ್ಕಿತು. ರೋಗ ಹಿಡಿದವರಿಗೆ ಸಿಕ್ಕಿದ್ದು ಚಹಾ!

ಹೀಗಿದ್ದ ಮೇಲೆ ಯಾವ ಹುಡುಗ ಕಿವಿ ಬಳಸಲು ಕಲಿತಾನು? ಅರ್ಧ ಗಂಟೆ ಕೇಳಿ, ನೋಡಿ, "ಸಾಮಾನೆಂತಾ ಬ್ಯಾಡ, ಒಂದು ವಾಷರ್ ಸಾಕು" ಎಂದರೆ "ಬರೀ ನೋಡಿದ್ದಕ್ಕೆ ದುಡ್ಡಾ?" ಎಂದು ಗಿರಾಕಿ ಕಣ್ಣು ಕೆಂಪು ಮಾಡುತ್ತಾನೆ. ಬೆಲ್ಟ್ ಬದಲಿಸಿ ಬಿಲ್ಲು ಕೊಟ್ಟರೆ ಮಾತಿಲ್ಲದೆ ಎಣಿಸಿಕೊಡುತ್ತಾನೆ. ಇದೇ ಗಿರಾಕಿ ಅಡಿಕೆ ಪೇಟೆಯಲ್ಲಿ ರಾಶಿ, ಚಾಲಿಯನ್ನು ಕೈಯಲ್ಲಿ ಹಿಡಿದು ದರ್ಜೆ ಹೇಳುವವನ ಕಣ್ಣಿಗೆ ಬೆಲೆಯಿದೆ ಎಂದು ಒಪ್ಪುತ್ತಾನೆ. ಡಾಕ್ಟರು ಎದೆಗೆ ಕೊಳವೆ ಇಟ್ಟು "ಏನೂ ಇಲ್ಲ ಹೋಗಿ" ಎಂದರೆ ಫೀಸು ಕೊಟ್ಟು ನೆಮ್ಮದಿಯಿಂದ ಬರುತ್ತಾನೆ. ಮೇಸ್ತ್ರಿಯ ಕಿವಿಗೆ ಮಾತ್ರ ಬೆಲೆಯಿಲ್ಲ.

ಆದ್ದರಿಂದ ಮೂರೂ ಪೇಟೆಗಳ ಗ್ಯಾರೇಜಿನವರು ಒಂದು ಕೆಲಸ ಮಾಡಲಿ. ಪರೀಕ್ಷೆಗೆ ಇಷ್ಟು ಎಂದು ಗೋಡೆಯ ಮೇಲೆ ಬೋರ್ಡು ಹಾಕಲಿ. ಸಾಮಾನು ಬದಲಿಸುವ ಮೊದಲು ದೋಷ ಎಲ್ಲಿದೆಯೆಂದು ಗಿರಾಕಿಗೆ ತೋರಿಸಲಿ, ತೆಗೆದ ಹಳೆಯ ಸಾಮಾನನ್ನು ಅವರ ಕೈಗೆ ಕೊಡಲಿ. ಗಿರಾಕಿಗಳೂ ಅಷ್ಟೇ. "ಬೇಗ ಮಾಡಿ ಕೊಡು ಮಾರಾಯಾ, ಅಂಗಡಿ ತೆಗೀಬೇಕು" ಎಂದು ತಲೆಯ ಮೇಲೆ ನಿಲ್ಲುವುದನ್ನು ಬಿಟ್ಟು, ಶಬ್ದ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಸರಿಯಾಗಿ ಹೇಳಲಿ. ವಾಷರ್ ಹಾಕಿದವರಿಗೂ ಪೂರ್ತಿ ಕೂಲಿ ಕೊಡಲಿ.

ಉಳಿದವರು ಪ್ರಯಾಣಿಕರು. ಬಸ್ಸು ತಪ್ಪಿತೆಂದು ಟೆಂಪೋ ಹತ್ತುವವರು ಎಷ್ಟೋ ಮಂದಿ. ಗಾಡಿ ಸ್ಟ್ಯಾಂಡಿನಲ್ಲಿ ನಿಂತಾಗಲೇ ಚಿಂವ್‌ಚಿಂವ್ ಎನ್ನುತ್ತಿರುತ್ತದೆ. ಎಲ್ಲರಿಗೂ ಕೇಳುತ್ತದೆ, ಯಾರೂ ಹೇಳುವುದಿಲ್ಲ. "ಡ್ರೈವರಣ್ಣಾ, ಎಂತದೋ ಕೂಗ್ತಾ ಉಂಟಲ್ಲ, ಘಟ್ಟ ಇಳಿಯೂಕೆ ಮುಂಚೆ ಒಂದ್ಸಲ ನೋಡಿ" ಎಂದು ಒಬ್ಬರಾದರೂ ಬಾಯಿ ಬಿಟ್ಟರೆ ಡ್ರೈವರಿಗೆ ಸಿಟ್ಟು ಬಂದೀತು. ಬರಲಿ. ದೇವಿಮನೆಯ ತಿರುವಿನಲ್ಲಿ ಪೆಡಲ್ ಕಲ್ಲಾದ ಮೇಲೆ ಕೂಗುವುದಕ್ಕಿಂತ, ಸ್ಟ್ಯಾಂಡಿನಲ್ಲಿ ಬೈಸಿಕೊಳ್ಳುವುದು ಸಾವಿರ ಪಾಲು ಮೇಲು.