ಹರಿಗೋಲೂ ತೇಲುವ ಅಂಗಿಯೂ

ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ತೆಂಕಣ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಅಲ್ಲಿ ಹರಿಗೋಲಿನಲ್ಲಿ ಕುಳಿತು ಬಲೆ ಬಿಡುವವರನ್ನು ನೀವು ಕಂಡಿರಬಹುದು. ಆ ಬಿದಿರ ಬುಟ್ಟಿ ಮುಳುಗದಿರುವುದೇಕೆ? ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆಂಬುದು ಆರ್ಕಿಮಿಡೀಸನ ನಿಯಮದ ಫಲ. ತಳವನ್ನು 2 ಮೀಟರ್ ವ್ಯಾಸದ ಸಮತಟ್ಟಾದ ವೃತ್ತವೆಂದು ಭಾವಿಸಿದರೆ, ಒಟ್ಟು 200 ಕಿಲೋಗ್ರಾಂ ಭಾರಕ್ಕೆ ಅದು ಸುಮಾರು 6.4 ಸೆಂಟಿಮೀಟರ್ ಮಾತ್ರ ಮುಳುಗುತ್ತದೆ. ಆದರೆ ಅದರಲ್ಲಿ ಎದ್ದು ನಿಂತರೆ ಗುರುತ್ವಕೇಂದ್ರ ಮೇಲೇರುತ್ತದೆ. ಅಂಚಿಗೆ ವಾಲಿದರೆ ನೀರು ಒಳನುಗ್ಗುತ್ತದೆ.

ಹಮ್ಮಿಗಿಯ ಬ್ಯಾರೇಜಿನ ಹಿಂದೆ ನೀರು ನಿಂತು ಹರಡಿದೆ. ಗಾಳಿ ಬೀಸಲು ನೀರಿನ ಬಯಲು ದೊರೆತಷ್ಟೂ ಅಲೆಗಳು ಬೆಳೆಯುತ್ತವೆ. ಕಿರಿಹೊಳೆಗೆ ಸಾಕಾಗಿದ್ದ ಎಚ್ಚರವು ಆಷಾಢದ ಗಾಳಿಯಲ್ಲಿ ಹಿನ್ನೀರಿಗೆ ಸಾಲದು. ನಾರ್ವೆ, ಅಲಾಸ್ಕಗಳ ಶೀತಸಮುದ್ರದಲ್ಲಿ ಕಯಾಕ್ ಎಂಬ ಕಿರುದೋಣಿಯೇರಿ ಹ್ಯಾಲಿಬಟ್ ಎಂಬ ದೊಡ್ಡ ಚಪ್ಪಟೆ ಮೀನನ್ನು ಹಿಡಿಯಹೋಗುವವರಿಗೆ ತೇಲುವ ಅಂಗಿಯು ಗಾಳದಷ್ಟೇ ಅವಶ್ಯಕ. ನಮ್ಮವರಿಗೂ ಅದು ಬೇಕು.

ಈಜು ಬಲ್ಲವನಿಗೆ ಅದೇಕೆ ಎನ್ನುವವರುಂಟು. ಬಲೆಯಲ್ಲಿ ಕಾಲು ಸಿಕ್ಕಿಕೊಂಡಾಗ ಈಜು ಒದಗದು. ಮಾನವದೇಹದ ಸಾಂದ್ರತೆ ನೀರಿನದಕ್ಕೆ ಬಲು ಸಮೀಪ. ಆದುದರಿಂದ ತಲೆಯನ್ನು ಮೇಲಿರಿಸಲು ಕೆಲವೇ ಕಿಲೋಗ್ರಾಂಗಳ ಆಸರೆ ಸಾಕು. ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುತ್ತಿದ್ದ ಹಿರಿಯರು ಬಳಸಿದ್ದೂ ಇದೇ ತತ್ವವನ್ನು.

ಬಲೆ, ಹರಿಗೋಲುಗಳಿಗೆ ನೆರವೀಯುವವರು ತೇಲುವ ಅಂಗಿಯನ್ನೂ ಅವುಗಳೊಡನೆಯೇ ಕೊಡಬೇಕು. ಗದಗ-ಬೆಟಗೇರಿ, ಲಕ್ಷ್ಮೇಶ್ವರಗಳ ವಿದ್ಯಾರ್ಥಿಗಳು ಪರೀಕ್ಷೆಗೆಂದು ಕಲಿತ ಈ ನಿಯಮವನ್ನು ಹೊಳೆಯ ದಂಡೆಗೂ ಒಯ್ಯಲಿ. ಒಂದು ಜೀವ ಉಳಿದರೂ ಆ ಕಲಿಕೆ ಸಾರ್ಥಕ.