ಹೆಲ್‌ಕ್ಯಾಟ್ ದುರ್ಬಲವಲ್ಲ

ವಾರ್ ಥಂಡರ್ ಆಟದಲ್ಲಿ ಜರ್ಮನಿಯ ಟ್ಯಾಂಕ್-ನಾಶಕ ವಾಹನ ಯಾಗ್ಡ್‌ಪ್ಯಾಂಥರ್‌ಗೆ ದಪ್ಪ ಕವಚ, 88 ಮಿ.ಮೀ. ಫಿರಂಗಿ ಎರಡೂ ಇರುವುದರಿಂದ ಅಮೆರಿಕದ ಟ್ಯಾಂಕ್-ನಾಶಕ ಎಂ18 ಹೆಲ್‌ಕ್ಯಾಟ್ ಅದರ ಮುಂದೆ ನಿಲ್ಲದು ಎಂಬ ವಾದ ಪ್ರಕಟವಾಗಿದೆ. ಅಂಕಿಗಳು ಸರಿ, ತೀರ್ಮಾನ ತಪ್ಪು.

ಮೊದಲನೆಯದಾಗಿ, ಯಾಗ್ಡ್‌ಪ್ಯಾಂಥರ್‌ಗೆ ತಿರುಗುವ ಗೋಪುರವಿಲ್ಲ. ಅದರ ಫಿರಂಗಿ ಒಂದೊಂದು ಬದಿಗೆ ಹೊರಳುವುದು ಸುಮಾರು 11 ಡಿಗ್ರಿ ಮಾತ್ರ. ಪಕ್ಕದಿಂದ ಬಂದವನತ್ತ ಗುರಿಯಿಡಲು 45 ಟನ್ನಿನ ಇಡೀ ವಾಹನವೇ ತಿರುಗಬೇಕು.

ಎರಡನೆಯದಾಗಿ, 80 ಮಿ.ಮೀ. ಇಳಿಜಾರು ಕವಚವಿರುವುದು ಮುಂಭಾಗಕ್ಕೆ. ಪಕ್ಕದ ತೆಳು ಕವಚವನ್ನು ಹೆಲ್‌ಕ್ಯಾಟ್‌ನ 76 ಮಿ.ಮೀ. ಗುಂಡು ಸೀಳುತ್ತದೆ. ಅಲ್ಲಿಗೆ ತಲುಪಲು ಹೆಲ್‌ಕ್ಯಾಟ್‌ಗೆ ಗಂಟೆಗೆ ಸುಮಾರು 88 ಕಿ.ಮೀ. ವೇಗವಿದೆ.

ಮೂರನೆಯದು ಇತಿಹಾಸ. 1944ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಅರಾಕೂರ್ ಬಳಿ ಹೆಲ್‌ಕ್ಯಾಟ್‌ಗಳು ಮಂಜಿನ ಮರೆಯಲ್ಲಿ, ಯಾಗ್ಡ್‌ಪ್ಯಾಂಥರ್‌ಗೆ ಆಧಾರವಾದ ಪ್ಯಾಂಥರ್ ಟ್ಯಾಂಕುಗಳನ್ನೇ ನಾಶಮಾಡಿದವು.

ಬಯಲಿನಲ್ಲಿ ಎದುರೆದುರು ನಿಂತರೆ ಯಾಗ್ಡ್‌ಪ್ಯಾಂಥರ್ ಗೆಲ್ಲುತ್ತದೆ, ನಿಜ. ಆದರೆ ಹೆಲ್‌ಕ್ಯಾಟನ್ನು ಹಾಗೆ ನಿಲ್ಲಿಸುವುದು ಆಟಗಾರನ ತಪ್ಪು, ವಾಹನದ್ದಲ್ಲ.